ರಕ್ಕಸನಿಗೂ ಅದೇ ಕನ್ನಡ, ದೇವರಿಗೂ ಅದೇ ಕನ್ನಡ: ಮತ್ತೆ ಕುಂದಾಪ್ರ ಭಾಷೆ ಯಾರಿಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ)

 

ಕಳೆದ ಸಂಚಿಕೆಯಲ್ಲಿ ಸಿನಿಮಾಗಳ ಕಲ್ಪನಾ ಲೋಕದ ಬಗ್ಗೆ ಮಾತಾಡಿದ್ದೆ. ಅದನ್ನು ಕೇಳಿದವರು ಒಂದೇ ತರದ ಪ್ರಶ್ನೆ ಕಳಿಸಿದ್ದಾರೆ. ಹೊರಗಿನವರ ಕಥೆಗಳಲ್ಲಿ ಒಂದೊಂದು ಕುಲಕ್ಕೆ ಒಂದೊಂದು ಭಾಷೆ ಇರುತ್ತೆ. ನಮ್ಮಲ್ಲೂ ದೇವರು, ದಾನವರು, ಗಂಧರ್ವರು, ವಾನರರು, ನಾಗರು, ಕಿರಾತರು ಇದ್ದಾರಲ್ಲ, ಅವರೆಲ್ಲ ಯಾವ ಭಾಷೆ ಮಾತಾಡ್ತಾರೆ?

ಒಳ್ಳೆ ಪ್ರಶ್ನೆ. ನಮ್ಮ ಮೂರು ತಾಲೂಕಿನವರಿಗೆ, ಅಂದ್ರೆ ಕುಂದಾಪುರ, ಬೈಂದೂರು, ಬ್ರಹ್ಮಾವರದವರಿಗೆ, ಈ ಲೋಕ ಪುಸ್ತಕದಲ್ಲಿ ಮಾತ್ರ ಇಲ್ಲ. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟರೆ ಮಳೆಗಾಲದ ಬಾಗಿಲವರೆಗೆ ಪ್ರತಿ ರಾತ್ರಿ ಯಾವುದೋ ಗದ್ದೆಯಲ್ಲಿ, ಯಾವುದೋ ಶಾಲೆಯ ಅಂಗಳದಲ್ಲಿ ಇಂದ್ರ ಬರ್ತಾನೆ, ರಾವಣ ಬರ್ತಾನೆ, ಶೂರ್ಪನಖಿ ಬರ್ತಾಳೆ. ಬಂದು ಸುಮ್ಮನೆ ಕುಣಿದು ಹೋಗೋದಿಲ್ಲ, ಗಂಟೆಗಟ್ಟಲೆ ಮಾತಾಡ್ತಾರೆ. ಹಾಗಾಗಿ ನಮ್ಮ ರಾಕ್ಷಸರ ಭಾಷೆ ಯಾವುದು ಅಂತ ಯಕ್ಷಗಾನದ ರಂಗಸ್ಥಳವನ್ನೇ ಕೇಳಬೇಕು. ಆದ್ರೆ ಅಲ್ಲಿ ಸಿಗುವ ಉತ್ತರದಲ್ಲಿ ಒಂದು ಮುಳ್ಳಿದೆ: ದೇವರು ಮಾತಾಡುವ ಕನ್ನಡವನ್ನೇ ರಾಕ್ಷಸ ಮಾತಾಡ್ತಾನೆ. ನಾನು ನೀವು ಮನೆಯಲ್ಲಿ ಮಾತಾಡುವ ಕನ್ನಡ ಸಿಗೋದು ಹಾಸ್ಯಗಾರರಿಗೆ ಮಾತ್ರ. ಯಾಕೆ ಹೀಗೆ? ಇದರಿಂದ ನಮಗೆ ನಷ್ಟವೋ ಲಾಭವೋ? ಇವತ್ತಿನ ಸಂಚಿಕೆ ಇದರ ಮೇಲೆ.

ಮೊದಲು ಹೊರಗಿನ ಕಥೆ

ಬೇರೆ ಲೋಕ ಕಟ್ಟಿ, ಅದರ ಕುಲಗಳಿಗೆ ಭಾಷೆ ಕೊಡುವ ಕೆಲಸದಲ್ಲಿ ದೊಡ್ಡ ಹೆಸರು ಟೋಲ್ಕಿನ್. ಆಕ್ಸ್‌ಫರ್ಡಿನಲ್ಲಿ ಭಾಷೆಯ ಪ್ರಾಧ್ಯಾಪಕ. 'ದಿ ಹಾಬಿಟ್' ಬಂದದ್ದು 1937ರಲ್ಲಿ, 'ದಿ ಲಾರ್ಡ್ ಆಫ್ ದಿ ರಿಂಗ್ಸ್' 1954-55ರಲ್ಲಿ. ಎಲ್ಫ್ ಕುಲಕ್ಕೆ ಆತ ಎರಡು ಭಾಷೆ ಮಾಡಿದ. ಕ್ವೆನ್ಯಾಕ್ಕೆ ಫಿನ್ನಿಶ್ ಭಾಷೆಯ ಧಾಟಿ, ಸಿಂದಾರಿನ್‌ಗೆ ವೆಲ್ಶ್ ಭಾಷೆಯ ಧಾಟಿ. ಕುಳ್ಳರಿಗೆ ಖುಜ್ದುಲ್ ಅಂತ ಬೇರೆಯೇ ಭಾಷೆ. ಅದನ್ನು ಅವರು ಹೊರಗಿನವರಿಗೆ ಕಲಿಸೋದಿಲ್ಲ, ಮನೆಮಾತಾಗಿ ಜೋಪಾನ ಮಾಡ್ತಾರೆ, ಪೇಟೆಗೆ ಬಂದರೆ ಎಲ್ಲರ ಭಾಷೆ ಆಡ್ತಾರೆ. ದುಷ್ಟ ಶಕ್ತಿಯ ಕಡೆಯವರಿಗೆ ಗಂಟಲಿನ, ಗಡಸು ಶಬ್ದಗಳ ಕಪ್ಪು ಭಾಷೆ. ಆಮೇಲೆ ಬಂದವರೂ ಈ ದಾರಿ ಹಿಡಿದರು. ಸ್ಟಾರ್ ಟ್ರೆಕ್‌ಗೆ ಮಾರ್ಕ್ ಓಕ್ರಾಂಡ್ ಕ್ಲಿಂಗನ್ ಭಾಷೆ ಮಾಡಿದ, 2009ರ 'ಅವತಾರ್' ಸಿನಿಮಾಕ್ಕೆ ಪೌಲ್ ಫ್ರಾಮರ್ ನಾವಿ ಭಾಷೆ ಮಾಡಿದ. ನಮಗೆ ಹತ್ತಿರದ ಉದಾಹರಣೆ 2015ರ 'ಬಾಹುಬಲಿ'. ಅದರಲ್ಲಿ ಕಾಲಕೇಯರು ನಾಲಿಗೆ ಲೊಟ್ಟೆ ಹೊಡೆದು ಆಡುವ ಕಿಲಿಕಿ ಭಾಷೆಯನ್ನು ತಮಿಳಿನ ಮದನ್ ಕಾರ್ಕಿ ಸುಮಾರು 750 ಪದ, 40 ವ್ಯಾಕರಣ ನಿಯಮ ಇಟ್ಟು ಕಟ್ಟಿದರು.

ಇವುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಲೆಕ್ಕ ಕಾಣುತ್ತೆ. ಚಂದದವರಿಗೆ ಚಂದದ ಭಾಷೆ, ಕ್ರೂರರಿಗೆ ಕರ್ಕಶ ಭಾಷೆ. ಟೋಲ್ಕಿನ್‌ನ 'ಹಾಬಿಟ್'ನಲ್ಲಿ ಬರುವ ಮೂವರು ದಡ್ಡ ದೈತ್ಯರಂತೂ ಲಂಡನ್ನಿನ ಕೂಲಿ ಜನರ ಇಂಗ್ಲಿಷ್ ಆಡ್ತಾರೆ. ಅಂದ್ರೆ ಅಷ್ಟು ಭಾಷೆ ಕಟ್ಟಿದ ಪಂಡಿತನಿಗೂ ನಗೆಪಾತ್ರ ಬಂದ ಕೂಡಲೇ ನೆನಪಾದದ್ದು ಬಡವರ ಆಡುಮಾತು. ಆದ್ರೆ ಅದೇ ಟೋಲ್ಕಿನ್ ದೊಡ್ಡ ಕಥೆಯಲ್ಲಿ ಸ್ಯಾಮ್ ಅನ್ನುವ ತೋಟದ ಕೆಲಸದವನಿಗೆ ಹಳ್ಳಿಮಾತು ಕೊಟ್ಟು ಅವನನ್ನೇ ಕಥೆಯ ಬೆನ್ನೆಲುಬು ಮಾಡಿದ. ಈ ಎರಡೂ ನೆನಪಿರಲಿ, ಮುಂದೆ ಬೇಕಾಗುತ್ತೆ.

ನಮ್ಮ ಪುರಾಣಗಳಲ್ಲಿ ಬೇರೆ ಬೇರೆ ಭಾಷೆ ಇತ್ತಾ?

ಇತ್ತು. ಧಾರಾಳ ಇತ್ತು.

ಭರತನ ನಾಟ್ಯಶಾಸ್ತ್ರದಲ್ಲಿ ಭಾಷೆಯ ಅಧ್ಯಾಯ ಒಂದಿದೆ. ಅಲ್ಲಿ ಭಾಷೆಯನ್ನು ನಾಲ್ಕು ವಿಧ ಮಾಡ್ತಾರೆ. ದೇವತೆಗಳಿಗೆ ಅತಿಭಾಷೆ. ರಾಜರಿಗೆ ಆರ್ಯಭಾಷೆ. ಉಳಿದ ಜನಕ್ಕೆ ಜಾತಿಭಾಷೆ. ನಾಲ್ಕನೆಯದು ಯೋನ್ಯಂತರಿ ಭಾಷೆ, ಊರಿನ ಪ್ರಾಣಿ, ಕಾಡಿನ ಪ್ರಾಣಿ, ಹಕ್ಕಿಗಳ ಭಾಷೆ. ಹಕ್ಕಿಗೂ ರಂಗದ ಮೇಲೆ ಒಂದು ಭಾಷೆ ಬೇಕು ಅಂತ ಯೋಚನೆ ಮಾಡಿದವರು ನಮ್ಮವರು.

ರಾಮಾಯಣದ ಸುಂದರಕಾಂಡದಲ್ಲಿ ಹನುಮಂತ ಅಶೋಕವನದ ಮರದ ಮೇಲೆ ಕೂತು ಯೋಚನೆ ಮಾಡ್ತಾನೆ, ಸೀತೆ ಹತ್ರ ಯಾವ ಭಾಷೆಯಲ್ಲಿ ಮಾತಾಡ್ಲಿ ಅಂತ. ಬ್ರಾಹ್ಮಣರ ಹಾಗೆ ಸಂಸ್ಕೃತ ಆಡಿದರೆ ರಾವಣನೇ ವೇಷ ಹಾಕಿ ಬಂದ ಅಂತ ಹೆದರಿಯಾಳು. ಹಾಗಾಗಿ ಸಾಮಾನ್ಯ ಮನುಷ್ಯರ ಮಾತು ಆಡ್ತೇನೆ ಅಂತ ತೀರ್ಮಾನ ಮಾಡ್ತಾನೆ. ಇಲ್ಲಿ ಉಲ್ಟಾ ಆಗಿದೆ ನೋಡಿ: ಸಂಸ್ಕೃತ ರಾಕ್ಷಸನ ಗುರುತು, ಆಡುಮಾತು ನಂಬಿಕೆಯ ಗುರುತು. ಅರಣ್ಯಕಾಂಡದಲ್ಲಿ ಬರುವ ಇಲ್ವಲನ ಕಥೆಯೂ ಹಾಗೇ. ಬ್ರಾಹ್ಮಣ ರೂಪ ತಾಳಿ, ಸಂಸ್ಕೃತ ಮಾತಾಡಿ ಅತಿಥಿಗಳನ್ನು ಊಟಕ್ಕೆ ಕರೆದು, ತಮ್ಮ ವಾತಾಪಿಯನ್ನೇ ಅಡುಗೆ ಮಾಡಿ ಬಡಿಸುವ ರಾಕ್ಷಸ ಅವನು. ಮಹಾಭಾರತದಲ್ಲಿ ಅರಗಿನ ಮನೆಗೆ ಹೊರಟ ಧರ್ಮರಾಯನಿಗೆ ವಿದುರ ಎಚ್ಚರಿಕೆ ಹೇಳೋದು ಮ್ಲೇಚ್ಛ ಭಾಷೆಯಲ್ಲಿ, ಸುತ್ತ ನಿಂತವರಿಗೆ ಗೊತ್ತಾಗಬಾರದು ಅಂತ. ಪಕ್ಕದಲ್ಲಿದ್ದ ಕುಂತಿಗೂ ಅರ್ಥ ಆಗಲಿಲ್ಲ, ಆಮೇಲೆ ಕೇಳಿ ತಿಳ್ಕೊಂಡಳು.

ಅಸುರರ ಉಚ್ಚಾರದ ಬಗ್ಗೆ ಶತಪಥ ಬ್ರಾಹ್ಮಣದಲ್ಲಿ ಒಂದು ಮಾತಿದೆ, ಪತಂಜಲಿಯ ಮಹಾಭಾಷ್ಯದಲ್ಲೂ ಬರುತ್ತೆ. ಅಸುರರು 'ರ'ಕಾರ ಇರಬೇಕಾದಲ್ಲಿ 'ಲ'ಕಾರ ಹೇಳಿ ಯುದ್ಧದಲ್ಲಿ ಸೋತರಂತೆ. ಶಸ್ತ್ರದಿಂದಲ್ಲ, ನಾಲಿಗೆ ತಿರುಗದೆ! ಭಾಷೆ ಶುದ್ಧ ಇಲ್ಲದವ ಸೋಲ್ತಾನೆ ಅನ್ನುವ ಭಯ ಎಷ್ಟು ಹಳೆಯದು ಅಂತ ಇದರಿಂದ ಗೊತ್ತಾಗುತ್ತೆ.

ಇನ್ನು ಗುಣಾಢ್ಯ. ಆರು ತಿಂಗಳಲ್ಲಿ ಸಾತವಾಹನ ರಾಜನಿಗೆ ಸಂಸ್ಕೃತ ಕಲಿಸೋದಾಗಿ ಇನ್ನೊಬ್ಬ ಪಂಡಿತ ಹೇಳಿದ. ಅದು ಸಾಧ್ಯ ಇಲ್ಲ ಅಂತ ಪಂಥ ಕಟ್ಟಿ ಸೋತ ಗುಣಾಢ್ಯ ಸಂಸ್ಕೃತ, ಪ್ರಾಕೃತ, ದೇಸಿ ಮೂರನ್ನೂ ಬಿಟ್ಟು ಕಾಡಿಗೆ ಹೋದ. ಅಲ್ಲಿ ಪಿಶಾಚಿಗಳ ಭಾಷೆ ಕಲಿತ. ಆ ಪೈಶಾಚಿ ಭಾಷೆಯಲ್ಲಿ ಏಳು ಲಕ್ಷ ಶ್ಲೋಕದ ಬೃಹತ್ಕಥೆ ಬರೆದ. ಪಿಶಾಚಿಯ ಭಾಷೆಯಲ್ಲಿದೆ ಅಂತ ರಾಜ ಅದನ್ನು ಮುಟ್ಟಲಿಲ್ಲ. ಗುಣಾಢ್ಯ ಒಂದೊಂದೇ ಹಾಳೆಯನ್ನು ಕಾಡಿನ ಪ್ರಾಣಿಗಳಿಗೆ ಓದಿ ಹೇಳಿ ಬೆಂಕಿಗೆ ಹಾಕಿದ. ರಾಜನಿಗೆ ಬುದ್ಧಿ ಬಂದು ಓಡಿ ಬರುವಾಗ ಉಳಿದದ್ದು ಒಂದು ಲಕ್ಷ ಮಾತ್ರ. ಇದು ಕಥಾಸರಿತ್ಸಾಗರ ಹೇಳುವ ಕಥೆ. ನಿಜದಲ್ಲೂ ಆ ಪೈಶಾಚಿ ಮೂಲ ಇವತ್ತು ನಮಗೆ ಸಿಕ್ಕಿಲ್ಲ. ಆದ್ರೆ 11ನೇ ಶತಮಾನದ ದುರ್ಗಸಿಂಹ ತನ್ನ ಕನ್ನಡ ಪಂಚತಂತ್ರದ ಬೇರು ಅದರಲ್ಲೇ ಇದೆ ಅಂತ ಹೇಳ್ತಾನೆ. ಭಾಷೆ ಕೀಳು ಅಂತ ತಳ್ಳಿದ ಮೇಲೆ ಕಳೆದುಹೋಗೋದು ಬರೀ ಭಾಷೆ ಅಲ್ಲ, ಅದರೊಳಗಿನ ಕಥೆಯೂ ಹೋಗುತ್ತೆ. ಈ ಸಂಚಿಕೆಯಲ್ಲಿ ಒಂದೇ ಒಂದು ಕಥೆ ನೆನಪಿಟ್ಟುಕೊಳ್ಳೋದಾದರೆ ಇದನ್ನು ಇಟ್ಟುಕೊಳ್ಳಿ.

ರಂಗಸ್ಥಳಕ್ಕೆ ಬಂದಾಗ ಏನಾಯ್ತು?

ಈಗ ನಮ್ಮೂರಿಗೆ ಬನ್ನಿ. ಇಷ್ಟೆಲ್ಲ ಭಾಷೆ ಪುರಾಣದಲ್ಲಿದ್ದರೂ ಯಕ್ಷಗಾನ ಅದನ್ನು ತೆಗೆದುಕೊಳ್ಳಲಿಲ್ಲ. ನಮ್ಮ ಬಡಗುತಿಟ್ಟಿನಲ್ಲಿ ಇಂದ್ರ, ರಾವಣ, ವಾಲಿ, ಜಾಂಬವ, ಕಿರಾತ ಎಲ್ಲರಿಗೂ ಒಂದೇ ಗ್ರಾಂಥಿಕ ಕನ್ನಡ. ಯಾಕೆ?

ಕಾರಣ ಆಟದ ಕಟ್ಟೋಣದಲ್ಲೇ ಇದೆ. ಪ್ರಸಂಗ ಪುಸ್ತಕದಲ್ಲಿ ಇರೋದು ಪದ್ಯ ಮಾತ್ರ. ಭಾಗವತರು ಪದ್ಯ ಹಾಡ್ತಾರೆ, ವೇಷಧಾರಿ ಅದಕ್ಕೆ ಕುಣಿದು, ಆಮೇಲೆ ಅರ್ಥ ಹೇಳ್ತಾರೆ. ಆ ಅರ್ಥ ಬರೆದಿಟ್ಟದ್ದಲ್ಲ, ಅಲ್ಲೇ ಹುಟ್ಟುವಂಥದ್ದು. ಎದುರಿನ ವೇಷ ಒಂದು ಪ್ರಶ್ನೆ ಹಾಕಿದರೆ ಉತ್ತರ ಕೊಡಲೇಬೇಕು. ರಾವಣ ತನ್ನ ಪಕ್ಷ ಮಂಡಿಸ್ತಾನೆ, ಅಂಗದ ಅದನ್ನು ಮುರೀತಾನೆ. ಇದು ವಾದದ ರಂಗಭೂಮಿ. ಕೋರ್ಟಿನಲ್ಲಿ ಎರಡು ಪಕ್ಷದ ವಕೀಲರಿಗೂ ಒಂದೇ ಭಾಷೆ ಬೇಕಲ್ಲ, ಹಾಗೆ. ರಾಕ್ಷಸನಿಗೆ ಕಿಲಿಕಿ ಕೊಟ್ಟರೆ ಅವನನ್ನು ಕಂಡು ಹೆದರಬಹುದು, ಅವನ ನ್ಯಾಯ ಏನು ಅಂತ ಕೇಳೋಕೆ ಆಗೋದಿಲ್ಲ. ಯಕ್ಷಗಾನ ರಾಕ್ಷಸನಿಗೆ ದೇವರ ಭಾಷೆಯನ್ನೇ ಕೊಟ್ಟು, ಅವನಿಗೂ ತನ್ನ ಮಾತು ಹೇಳುವ ಹಕ್ಕು ಕೊಟ್ಟಿತು. ಇದನ್ನು ನಾನು ಸಣ್ಣ ವಿಷಯ ಅಂತ ಎಣಿಸೋದಿಲ್ಲ. ಕರ್ಣನಿಗಾಗಿ, ವಾಲಿಗಾಗಿ, ಕೆಲವು ಸಲ ರಾವಣನಿಗಾಗಿಯೂ ಅಳುವ ಜನ ನಮ್ಮಲ್ಲಿರೋದು ಈ ಕಾರಣಕ್ಕೆ.

ಹಾಗಾದ್ರೆ ಕುಲದ ವ್ಯತ್ಯಾಸ ತೋರಿಸೋದು ಹೇಗೆ? ಭಾಷೆಯ ಒಳಗೇ, ದನಿಯಲ್ಲಿ, ಓಟದಲ್ಲಿ. ಬಣ್ಣದ ವೇಷ ತೆರೆಯ ಹಿಂದೆ ಇರುವಾಗಲೇ ಅಬ್ಬರ ಕೇಳುತ್ತೆ. ಒಂದೂ ಅಕ್ಷರ ಇಲ್ಲದ ಆ ಕೂಗು, ಅದರ ಜೊತೆಗೆ ಚಂಡೆ. ರಾಕ್ಷಸರಿಗೆ ಮಾತ್ರ ಸೇರಿದ ಭಾಷೆ ಯಕ್ಷಗಾನದಲ್ಲಿ ಇದ್ದರೆ ಅದು ಆ ಅಬ್ಬರವೇ. ರಾಜವೇಷದ ಪೀಠಿಕೆಯಲ್ಲಿ ಉದ್ದ ವಾಕ್ಯ, ಸಂಸ್ಕೃತ ಸಮಾಸ. ಕೃಷ್ಣನದ್ದು ನಯ, ಕುಹಕ. ಕಿರಾತನದ್ದು ಬೇಟೆಯ ಶಬ್ದ, ನೇರ ಮಾತು.

ಚಂದದ ಉದಾಹರಣೆ ಶೂರ್ಪನಖಿ. ರಾಕ್ಷಸಿಯಾಗಿ ಬರುವಾಗ ಹೆಣ್ಣುಬಣ್ಣ, ಆರ್ಭಟ, ಒರಟು ಮಾತು. ರೂಪ ಬದಲಿಸಿ ಮಾಯಾ ಶೂರ್ಪನಖಿಯಾದ ಕೂಡಲೇ ವೇಷವೂ ಬೇರೆ, ಕಲಾವಿದರೂ ಬೇರೆ, ಮಾತೂ ಜೇನಿನ ಹಾಗೆ. ಪಾತ್ರ ಒಂದೇ, ಕನ್ನಡ ಎರಡು. ಇಲ್ವಲನ ಸಂಸ್ಕೃತಕ್ಕೂ ಈಕೆಯ ಸಿಹಿ ಮಾತಿಗೂ ಏನು ವ್ಯತ್ಯಾಸ ಹೇಳಿ?

ಅನುಮಾನ ಇದ್ದರೆ ತಾಳಮದ್ದಳೆಗೆ ಹೋಗಿ. ಅಲ್ಲಿ ಬಣ್ಣ ಇಲ್ಲ, ಕಿರೀಟ ಇಲ್ಲ, ಎಲ್ಲರೂ ಪಂಚೆ ಶಲ್ಯದಲ್ಲಿ ಕೂತಿರ್ತಾರೆ. ಕಣ್ಣು ಮುಚ್ಚಿ ಕೇಳಿದರೂ ರಾವಣ ಯಾರು, ವಿಭೀಷಣ ಯಾರು ಗೊತ್ತಾಗುತ್ತೆ.

ಮಾತು ಕಿತ್ತುಕೊಂಡ ರಾಕ್ಷಸ

ನಮ್ಮ ನೆಲದ್ದೇ ಒಬ್ಬ ರಾಕ್ಷಸನ ಕಥೆ ಇಲ್ಲಿ ಹೇಳಲೇಬೇಕು. ಬೈಂದೂರು ತಾಲೂಕಿನ ಕೊಲ್ಲೂರಿನ ಸ್ಥಳಪುರಾಣ ಎಲ್ಲರಿಗೂ ಗೊತ್ತು. ಕಂಹಾಸುರ ಶಿವನ ತಪಸ್ಸು ಮಾಡ್ತಾನೆ. ಶಿವ ಪ್ರತ್ಯಕ್ಷ ಆಗಿ ವರ ಕೇಳು ಅನ್ನುವ ಹೊತ್ತಿಗೆ ವಾಗ್ದೇವಿ ಅವನ ನಾಲಿಗೆ ಕಟ್ಟಿಬಿಡ್ತಾಳೆ. ಕೇಳಬೇಕಾದ್ದನ್ನು ಕೇಳೋಕೆ ಆಗಲಿಲ್ಲ. ಕಂಹಾಸುರ ಮೂಕಾಸುರ ಆದ, ಅವನನ್ನು ಕೊಂದ ದೇವಿ ಮೂಕಾಂಬಿಕೆ ಆದಳು. ಅವನ ಮರಣ ಆದ ಜಾಗವೇ ಮಾರಣಕಟ್ಟೆ ಅನ್ನೋದು ಊರಿನ ನಂಬಿಕೆ. ಅಲ್ಲಿ ಬ್ರಹ್ಮಲಿಂಗೇಶ್ವರನಾಗಿ ಅವನಿಗೂ ಪೂಜೆ ಇದೆ, ಆ ದೇವಸ್ಥಾನದ ಹೆಸರಲ್ಲೇ ಯಕ್ಷಗಾನ ಮೇಳವೂ ಇದೆ.

ಈ ಕಥೆಯನ್ನು ನಾವು ದೇವಿಯ ಮಹಿಮೆ ಅಂತ ಕೇಳಿ ಬೆಳೆದವರು, ಅದು ಹಾಗೇ ಇರಲಿ. ನಾನು ಗಮನಿಸಿದ್ದು ಇಷ್ಟು: ಮಾತು ಹೋದರೆ ವರವೂ ಹೋಗುತ್ತೆ. ತಪಸ್ಸು ಪೂರ್ತಿ ಮಾಡಿದ್ದರೂ, ಕೊಡುವವ ಎದುರಿಗೆ ನಿಂತಿದ್ದರೂ, ಕೇಳುವ ಭಾಷೆ ಇಲ್ಲದಿದ್ದರೆ ಕೈಗೆ ಏನೂ ಬರೋದಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ, ಆಸ್ಪತ್ರೆಯಲ್ಲಿ, ತಾಲೂಕು ಕಚೇರಿಯಲ್ಲಿ ಅರ್ಜಿ ಹಿಡಿದು ನಿಂತ ಅಜ್ಜಿಯನ್ನು ನೋಡಿದವರಿಗೆ ಇದು ಪುರಾಣ ಅನ್ನಿಸೋದಿಲ್ಲ.

ಈಗ ಹಾಸ್ಯಗಾರರ ಕಡೆ

ರಂಗಸ್ಥಳದಲ್ಲಿ ಒಂದು ಶಿಸ್ತಿದೆ. ಇಂಗ್ಲಿಷ್ ಪದ ಬರಬಾರದು, ಆಡುಮಾತು ಬರಬಾರದು. ಈ ಶಿಸ್ತಿನಿಂದ ವಿನಾಯಿತಿ ಇರೋದು ಹಾಸ್ಯಗಾರರಿಗೆ. ದೂತ, ಪುರೋಹಿತ, ಅಗಸ, ಅಂಬಿಗ, ಸೂಲಗಿತ್ತಿ ಎಲ್ಲ ಅವರದ್ದೇ. ಕುಂಜಾಲು ರಾಮಕೃಷ್ಣ, ಹಾಲಾಡಿ ಕೊರಗಪ್ಪ ಅವರಂಥ ಹಾಸ್ಯಗಾರರ ಹೆಸರು ಹೇಳಿದರೆ ಹಿರಿಯರ ಮುಖದಲ್ಲಿ ಈಗಲೂ ನಗು ಬರುತ್ತೆ. ತೆಂಕಿನಲ್ಲಿ 'ಬಪ್ಪನಾಡು ಕ್ಷೇತ್ರ ಮಹಾತ್ಮೆ'ಯ ಬಪ್ಪ ಬ್ಯಾರಿ ಬ್ಯಾರಿ ಧಾಟಿಯಲ್ಲಿ ಮಾತಾಡ್ತಾನೆ, ಅದನ್ನು ಮಾಡೋದೂ ಹಾಸ್ಯಗಾರರೇ.

ಕೆಲಸ ಹೇಗೆ ನಡೆಯುತ್ತೆ ಅಂತ ನಾನೇ ಒಂದು ಮಾದರಿ ಹೇಳ್ತೇನೆ. ರಾಜ ಅಂತಾನೆ: "ಎಲೈ ಚಾರಕ, ಪುರದ ಬಹಿರ್ದ್ವಾರದಲ್ಲಿ ಈ ಪರಿಯ ಕೋಲಾಹಲಕ್ಕೆ ಕಾರಣವೇನೆಂಬುದನ್ನು ಕ್ಷಿಪ್ರದಲ್ಲಿ ತಿಳಿದು ಬಾ." ದೂತ ಅಂತಾನೆ: "ಹ್ವಾಯ್, ಹೊರ್ಗ್ ಗಲಾಟಿ ಎಂತದ್ ಅಂದೇಳಿ ಕಂಡ್ಕಂಡ್ ಬರ್ಕಾ?" ಜನ ನಗ್ತಾರೆ. ಆದ್ರೆ ನಗುವಿನ ಜೊತೆಗೇ ಇನ್ನೊಂದು ಕೆಲಸ ಆಗಿಹೋಯ್ತು. ರಾಜ ಹೇಳಿದ್ದು ಎದುರಿಗೆ ಕೂತ ಮಗುವಿಗೂ ಅರ್ಥ ಆಯ್ತು. ಹಾಸ್ಯಗಾರ ಅಂದ್ರೆ ದೊಡ್ಡ ಭಾಷೆಗೂ ಊರಿನ ಭಾಷೆಗೂ ನಡುವಿನ ದೋಣಿ.

ಸಂಸ್ಕೃತ ನಾಟಕದಲ್ಲೂ ಹೀಗೇ ಇತ್ತು. ಶಾಕುಂತಲದಲ್ಲಿ ದುಷ್ಯಂತ ಸಂಸ್ಕೃತ ಆಡ್ತಾನೆ. ಶಕುಂತಲೆ ಪ್ರಾಕೃತ. ವಿದೂಷಕ ಹುಟ್ಟಿನಿಂದ ಬ್ರಾಹ್ಮಣನಾದರೂ ಪ್ರಾಕೃತ. ಉಂಗುರ ಸಿಕ್ಕಿದ ಮೀನುಗಾರ ಮಾಗಧಿ. ಅಂದ್ರೆ ಭಾಷೆ ಹಂಚಿಕೆ ಆಗೋದು ದೇವರು, ದಾನವ ಅನ್ನುವ ಕುಲದ ಲೆಕ್ಕದಲ್ಲಿ ಅಲ್ಲ, ಮೇಲಿನವರು, ಕೆಳಗಿನವರು ಅನ್ನುವ ಲೆಕ್ಕದಲ್ಲಿ. ನಾನು ಬಿ.ಕಾಂ ಓದಿದವನು, ಭಾಷಾವಿಜ್ಞಾನಿ ಅಲ್ಲ. ಆದ್ರೆ ಜಮೆ ಯಾರದ್ದು, ಖರ್ಚು ಯಾರದ್ದು ಅಂತ ಲೆಡ್ಜರ್ ನೋಡೋದು ಗೊತ್ತು. ಈ ಲೆಡ್ಜರಿನಲ್ಲಿ ರಾಕ್ಷಸನ ಖಾತೆಗೆ ರಾಜನ ಭಾಷೆ ಜಮೆ ಆಗಿದೆ. ಕುಂದಾಪ್ರದವನ ಖಾತೆಗೆ ನಗು ಮಾತ್ರ.

ಮಜಾ ಇರೋದು ಮುಂದೆ. ನಾವು 'ಶುದ್ಧ' ಅನ್ನುವ ರಾಜನ ಮಾತಿನಲ್ಲಿ ಹೆಚ್ಚಿನ ಶಬ್ದ ಸಂಸ್ಕೃತದ್ದು. 'ಅಶುದ್ಧ' ಅನ್ನುವ ಹಾಸ್ಯಗಾರರ ಮಾತಿನಲ್ಲಿ ನೋಡಿ. ಬೇರೆ ಕಡೆ 'ನೋಡು' ಅನ್ನುವಲ್ಲಿ ನಾವು 'ಕಾಣ್' ಅಂತೇವೆ. ಸ್ನಾನ ಮಾಡೋದಕ್ಕೆ 'ಮೀವುದು' ಅಂತೇವೆ. 'ಉಂಬುದು' ಅಂತೇವೆ. 'ಅಂಬ್ರ್' ಅಂತೇವೆ. ಕಾಣ್, ಮೀ, ಉಣ್, ಎನ್, ಈ ಧಾತುಗಳೆಲ್ಲ ಹಳಗನ್ನಡ ಕಾವ್ಯದಲ್ಲಿ ಇರುವಂಥವೇ. ಹಾಲು, ಕಾಲು ಅನ್ನದೆ 'ಹಾಲ್', 'ಕಾಲ್' ಅಂತ ಅರ್ಧಾಕ್ಷರಕ್ಕೆ ನಿಲ್ಲಿಸ್ತೇವೆ, ಹಳಗನ್ನಡದ 'ಪಾಲ್', 'ಕಾಲ್' ನೆನಪಾಗುತ್ತೆ. ಕುಂದಾಪ್ರ ಕನ್ನಡವೇ ಹಳಗನ್ನಡ ಅಂತ ನಾನು ಹೇಳ್ತಿಲ್ಲ. ಕೊನೆಯ ಸ್ವರ ಬಿಟ್ಟದ್ದು ಆಮೇಲಿನ ಅಭ್ಯಾಸವೂ ಆಗಿರಬಹುದು. ಆದ್ರೆ ಹಾಸ್ಯಗಾರ 'ಕಾಣಿ' ಅಂದಾಗ ಅದು ಕನ್ನಡದ ಕೆಟ್ಟ ರೂಪ ಅಂತ ನಗುವವರು, ತುಂಬ ಹಳೆಯ ಒಂದು ಕನ್ನಡ ಶಬ್ದಕ್ಕೆ ನಗ್ತಿದ್ದಾರೆ ಅನ್ನೋದಂತೂ ನಿಜ.

9ನೇ ಶತಮಾನದ ಕವಿರಾಜಮಾರ್ಗ ಕನ್ನಡದ ದೇಸಿಗಳ ಬಗ್ಗೆ ಹೇಳುವಾಗ ವಾಸುಕಿಯನ್ನು ಕರೆತರುತ್ತೆ. ಸಾವಿರ ಬಾಯಿಯ ಆ ಸರ್ಪರಾಜನೂ ಈ ಬೇರೆ ಬೇರೆ ದೇಸಿಗಳನ್ನು ಪೂರ್ತಿ ತಿಳಿಯಲಾರದೆ ಬೇಸತ್ತಾನು ಅನ್ನುವ ಅರ್ಥದಲ್ಲಿ. ಕನ್ನಡ ಒಂದಲ್ಲ, ಹಲವು ಅನ್ನೋದು ಆಗಲೇ ಗೊತ್ತಿತ್ತು.

ಹಾಗಾದ್ರೆ ಮನೆಮಾತು ನಗೆಗೆ ಮಾತ್ರವಾ?

ಅಲ್ಲ. ಇದಕ್ಕೆ ಸಾಕ್ಷಿಯೂ ನಮ್ಮಲ್ಲೇ ಇದೆ. ಬ್ರಹ್ಮಾವರ, ಬಾರ್ಕೂರು, ಸೀತಾನದಿಯ ಆಸುಪಾಸಿನಲ್ಲಿ ಮಾತು ಬದಲಾಗುತ್ತೆ. ತೆಂಕು ದಿಕ್ಕಿಗೆ ತುಳು, ಬಡಗು ದಿಕ್ಕಿಗೆ ಕುಂದಾಪ್ರ ಕನ್ನಡ. ದೈವಗಳೂ ಇದನ್ನು ಪಾಲಿಸ್ತವೆ. ತೆಂಕಿನಲ್ಲಿ ಕೋಲದ ನುಡಿ ತುಳುವಿನಲ್ಲಿ. ಇತ್ಲಾಗೆ ಹಾಯ್ಗುಳಿಯ ದರ್ಶನದಲ್ಲಿ, ಪಾಣರಾಟದಲ್ಲಿ ಮಾತು ಕನ್ನಡದಲ್ಲಿ. ದಿನದ ಮಾತಿಗಿಂತ ಬಿರುಸು ಬೇರೆ, ಲಯ ಬೇರೆ, ಆದ್ರೆ ಶಬ್ದ ಊರಿನದ್ದು. ಮನೆಯವರು ಕಷ್ಟ ಹೇಳಿಕೊಳ್ಳೋದೂ ಮನೆಮಾತಿನಲ್ಲೇ. ಅಲ್ಲಿ ಯಾರೂ ನಗೋದಿಲ್ಲ. ಅದೇ ಭಾಷೆಗೆ ರಂಗಸ್ಥಳದಲ್ಲಿ ನಗು, ದೈವದ ಎದುರು ಭಯಭಕ್ತಿ. ಅಂದ್ರೆ ನಗು ಭಾಷೆಯ ಒಳಗಿಲ್ಲ, ನಾವು ಅದನ್ನು ಕೂರಿಸಿದ ಜಾಗದಲ್ಲಿದೆ.

ಮತ್ತೆ ನಮ್ಮ ಮೂರು ತಾಲೂಕಿನ ನಿಜವಾದ ಭಾಷಾಲೋಕ ಯಕ್ಷಗಾನಕ್ಕಿಂತ ದೊಡ್ಡದು. ಗಂಗೊಳ್ಳಿಯ ಖಾರ್ವಿಯವರ ಕೊಂಕಣಿ, ಕುಡುಬಿಯವರ ಕೊಂಕಣಿ, ಕ್ರೈಸ್ತರ ಕೊಂಕಣಿ, ಪೇಟೆಯ ಗೌಡ ಸಾರಸ್ವತರ ಕೊಂಕಣಿ, ನಾಲ್ಕೂ ಬೇರೆ ಬೇರೆ. ಶಿರೂರಿನ ಕಡೆ ನವಾಯತಿ. ಕೋಟದ ಬ್ರಾಹ್ಮಣರ ಕನ್ನಡದ ಧಾಟಿಯೇ ಬೇರೆ. ಕೊರಗರಿಗೆ ತಮ್ಮದೇ ಕೊರಗ ಭಾಷೆ ಇದೆ. ಟೋಲ್ಕಿನ್‌ನ ಕುಳ್ಳರ ಹಾಗೆ ಇವರೆಲ್ಲ ಮನೆಯಲ್ಲಿ ಒಂದು, ಸಂತೆಯಲ್ಲಿ ಒಂದು ಮಾತಾಡ್ತಾರೆ. ಒಂದೇ ಮೀನು ಮಾರುಕಟ್ಟೆಯಲ್ಲಿ ಮೂರು ನಾಲ್ಕು ಭಾಷೆಯಲ್ಲಿ ಚೌಕಾಸಿ ನಡೆಯುವ ಊರು ನಮ್ಮದು.

ಈಗ ಇನ್ನೊಂದು ಪಕ್ಷವನ್ನೂ ಕೇಳಬೇಕು. ಗ್ರಾಂಥಿಕ ಕನ್ನಡವನ್ನು ಬೈದರೆ ಆಗೋದಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಎಷ್ಟೋ ಕೃಷಿಕರು, ಕೂಲಿಯವರು ಆಟ ನೋಡಿಯೇ ಆ ಕನ್ನಡ ಕಲಿತರು. ಸಮಾಸ, ಗಾದೆ, ತರ್ಕ ಎಲ್ಲ ಕಿವಿಯಿಂದ ಬಂತು. ಹಾರಾಡಿ, ಮಟಪಾಡಿಯ ಕಲಾವಿದರು ಕಟ್ಟಿದ ಬಡಗುತಿಟ್ಟು ಈ ಭಾಗದ ಸಾಮಾನ್ಯ ಜನರಿಗೆ ವಿಶ್ವವಿದ್ಯಾಲಯದ ಹಾಗೆ ಇತ್ತು. ಕೋಟ ಶಿವರಾಮ ಕಾರಂತರು ತಮ್ಮ ಯಕ್ಷಗಾನ ಬ್ಯಾಲೆಯಲ್ಲಿ ಮಾತನ್ನೇ ತೆಗೆದರು. ಕನ್ನಡ ಬಾರದ ಹೊರಲೋಕಕ್ಕೆ ಆಟ ತಲುಪೋಕೆ ಅದರಿಂದ ದಾರಿ ಆಯ್ತು. ಆದ್ರೆ ಊರಿನ ಬಯಲಾಟ ಮಾತು ಬಿಡಲಿಲ್ಲ. ಮಾತು ಹೋದರೆ ನಮಗೆ ಆಟದ ಅರ್ಧ ಹೋದ ಹಾಗೆ. ಮಂದಾರ್ತಿಯಲ್ಲಿ ಐದು ಮೇಳ ಇದ್ದರೂ ಹರಕೆ ಆಟಕ್ಕೆ ವರ್ಷಗಟ್ಟಲೆ ಕಾಯುವ ಜನ ಇದ್ದಾರೆ, ಅವರು ಆ ಕನ್ನಡವನ್ನೂ ಕೇಳೋಕೆ ಬರುವವರು.

ಹಾಗಾಗಿ ರಾಜನ ಕನ್ನಡ ತೆಗೀರಿ ಅಂತ ನಾನು ಹೇಳೋದಿಲ್ಲ. ಸಮಸ್ಯೆ ರಂಗಸ್ಥಳದ ಹೊರಗೆ ಶುರುವಾಗುತ್ತೆ. ರಾತ್ರಿ ರಂಗದ ಮೇಲೆ ಹಾಕಿದ ಲೆಕ್ಕವನ್ನು ನಾವು ಹಗಲಿಗೂ ತಂದೆವು. ಹಾಸ್ಯಗಾರ ಆಡಿದರೆ ನಗು ಬರುವ ಭಾಷೆಯನ್ನು ಮಗು ಶಾಲೆಯಲ್ಲಿ ಆಡಿದರೂ ನಕ್ಕೆವು. ನಾನು ಕಲಿತ ಒಂದು ಶಾಲೆಯಲ್ಲಿ 'ಇತ್ತ್' ಅಂದರೆ ಮೇಷ್ಟ್ರು "ಇದೆ ಅನ್ನು" ಅಂತ ನಿಲ್ಲಿಸಿ ತಿದ್ದಿಸ್ತಿದ್ದರು. ನನ್ನ ಬೆಂಚಿನ ಪಕ್ಕದವ ಕೊನೆಗೆ ಕೈ ಎತ್ತೋದನ್ನೇ ಬಿಟ್ಟ. ಉತ್ತರ ಅವನಿಗೆ ಗೊತ್ತಿರುತ್ತಿತ್ತು, ಕಟ್ಟಿದ್ದು ನಾಲಿಗೆ ಮಾತ್ರ. ಮೂಕಾಸುರನ ಕಥೆ ನಾನು ಸುಮ್ಮನೆ ತಂದದ್ದಲ್ಲ.

ಗಾಳಿ ಈಗ ಸ್ವಲ್ಪ ತಿರುಗಿದೆ. ಕುಂದಾಪುರದಲ್ಲಿ ಹುಟ್ಟಿದ ವೈದೇಹಿ ಅವರು ತಮ್ಮ ಕಥೆಗಳಲ್ಲಿ ಈ ಮಾತನ್ನು ದುಃಖಕ್ಕೆ, ಸಿಟ್ಟಿಗೆ, ಹೆಂಗಸರ ಒಳಗಿನ ಸಂಕಟಕ್ಕೆ ಬಳಸಿದರು. 'ಕ್ರೌಂಚ ಪಕ್ಷಿಗಳು' ಸಂಕಲನಕ್ಕೆ 2009ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ಕಥೆಗಳನ್ನು ಆಧರಿಸಿದ 'ಅಮ್ಮಚ್ಚಿಯೆಂಬ ನೆನಪು' ಸಿನಿಮಾ 2018ರಲ್ಲಿ ಕುಂದಾಪ್ರ ಕನ್ನಡದಲ್ಲೇ ಬಂತು. 2019ರಿಂದ ಆಸಾಡಿ ಅಮಾಸಿಯ ದಿನ ವಿಶ್ವ ಕುಂದಾಪ್ರ ಕನ್ನಡ ದಿನ ಆಚರಿಸ್ತಿದ್ದಾರೆ. 2022ರ 'ಕಾಂತಾರ'ದಲ್ಲಿ ಕೆರಾಡಿಯ ರಿಷಬ್ ಶೆಟ್ಟಿ ಈ ಕರಾವಳಿ ಕನ್ನಡವನ್ನು ನಾಯಕನ ಬಾಯಲ್ಲೇ ಆಡಿಸಿದರು. ಅಲ್ಲಿ ನಗುವೂ ಇದೆ. ಆದ್ರೆ ಪ್ರೀತಿ, ಜಗಳ, ಸಾವು ಎಲ್ಲವೂ ಅದೇ ಮಾತಿನಲ್ಲಿದೆ. ಟೋಲ್ಕಿನ್ ದೈತ್ಯರಿಂದ ಸ್ಯಾಮ್‌ವರೆಗೆ ನಡೆದ ದಾರಿ ಇದೇ.

ನನ್ನ ಆಸೆ ಒಂದೇ. ಭಾಷೆಯ ದಿನಾಚರಣೆಯಲ್ಲಿ ಬರೀ ಹಾಸ್ಯ ಸ್ಪರ್ಧೆ ಇಡಬೇಡಿ. ಕುಂದಾಪ್ರ ಕನ್ನಡದಲ್ಲಿ ಒಂದು ಲೆಕ್ಕದ ಪಾಠ ಮಾಡಿ, ಒಂದು ಸುದ್ದಿ ಓದಿ, ಒಂದು ಆರೋಗ್ಯ ಮಾಹಿತಿ ಹೇಳಿ. ಕೊರಗ ಭಾಷೆ, ಕುಡುಬಿ ಕೊಂಕಣಿ ಆಡುವ ಹಿರಿಯರ ಕಥೆಗಳನ್ನು, ಅವರ ಒಪ್ಪಿಗೆ ಪಡೆದು, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಇಡಿ. ಗುಣಾಢ್ಯನ ಆರು ಲಕ್ಷ ಶ್ಲೋಕ ಸುಟ್ಟುಹೋದದ್ದು ಅವನಿಗೆ ಹೇಳೋಕೆ ಬಾರದೆ ಅಲ್ಲ, ರಾಜ ಕೇಳದೆ. ನಮ್ಮ ಮನೆಗಳಲ್ಲಿ ಆ ರಾಜ ನಾವೇ.

ಮುಂದಿನ ಸಲ ಆಟಕ್ಕೆ ಹೋದಾಗ ಒಂದು ಕೆಲಸ ಮಾಡಿ. ರಾಜನ ಮಾತು ಮುಗಿದು ದೂತ ಬಾಯಿ ತೆರೆಯುವ ಆ ಕ್ಷಣ ಪಕ್ಕದಲ್ಲಿರುವ ಮಕ್ಕಳ ಮುಖ ನೋಡಿ. ಅವರು ನಗ್ತಿರೋದು ದಡ್ಡನನ್ನು ಕಂಡಾ, ಅಥವಾ ಇಷ್ಟು ಹೊತ್ತಿಗೆ ಒಬ್ಬ ನಮ್ಮವ ಬಂದ ಅಂತಲಾ? ನಿಮಗೆ ಏನು ಕಂಡಿತ್ ಅಂತ ನಿಮ್ಮ ಮನೆಮಾತಿನಲ್ಲೇ ಧ್ವನಿ ಸಂದೇಶ ಕಳಿಸಿ. ತುಳು, ಕೊಂಕಣಿ, ನವಾಯತಿ ಯಾವುದಾದರೂ ಅಡ್ಡಿಲ್ಲೆ. ಮುಂದಿನ ಸಂಚಿಕೆಯಲ್ಲಿ ಅವುಗಳನ್ನು ಹಾಗೇ, ತಿದ್ದದೆ ಹಾಕ್ತೇನೆ.

ಬತ್ತೆ ಹಾಂಗಾರೆ. ಕಾಂಬ.